ಇಂಜಿನ್ ಬಂದ್ ಮಾಡೋವನೇ ಖರೇ ಗೈಡ್

ದೀಪಾವಳಿ ಸೂಟಿ ಬಿದ್ದಕೂಡಲೇ ದೇವಣಿ, ವಲಾಂಡಿ, ಉದಗೀರ ಕಡೆಯಿಂದ ಕ್ರೂಜರ್ ಗಾಡಿಗಳು ಸಮುದ್ರದ ದಾರಿ ಹಿಡಿಯುವುದು ಈಚಿನ ವರ್ಷಗಳಲ್ಲಿ ರೂಢಿಯಾಗಿದೆ. ಮೊದಲೆಲ್ಲ ಸೂಟಿ ಅಂದರೆ ತುಳಜಾಪುರ, ಪಂಢರಪುರ, ಗಾಣಗಾಪುರ ಇಷ್ಟೇ. ಈಗ ಮಕ್ಕಳು ಕೇಳುವುದು ಬೋಟಿಂಗ್. ಅದರಲ್ಲೂ ‘ದ್ವೀಪ ನೋಡಬೇಕು, ಡಾಲ್ಫಿನ್ ನೋಡಬೇಕು’ ಅನ್ನುವ ಹಟ.

ಮಕ್ಕಳದೇ ಅಲ್ಲ, ದೊಡ್ಡವರ ಆಸೆಯೂ ಅದೇ. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಿಸಿಕೊಂಡ ಲಾತೂರ ಜಿಲ್ಲೆಯವರು ನಾವು. ಕೊಡ ಹಿಡಿದು ಪಾಳಿ ನಿಂತವರಿಗೆ ಕಣ್ಣು ಹಾಯುವಷ್ಟೂ ನೀರೇ ಇರುವ ಜಾಗ ಹೇಗಿರುತ್ತದೆ ಎಂದು ನೋಡುವ ಆಸೆ ತಪ್ಪಲ್ಲ. ಆದರೆ ಆ ನೀರಿನ ಮೇಲೆ ಹೋದಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ, ಯಾರನ್ನು ನಂಬಿ ದೋಣಿ ಹತ್ತುತ್ತೇವೆ ಎಂಬುದನ್ನು ಸ್ವಲ್ಪ ವಿಚಾರ ಮಾಡಬೇಕಾಗಿದೆ. ನಮ್ಮ ಮನೆಯವರದೇ ಅನುಭವ ಹೇಳುತ್ತೇನೆ.

ಮೊದಲ ದಿನದ ದೋಣಿ

ಕಲಬುರಗಿ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಕಾರವಾರ ಮುಟ್ಟಿದಾಗ ಆರುನೂರು ಕಿ.ಮೀ. ಮಿಕ್ಕಿತ್ತು. ಗಾಡಿಯಲ್ಲಿ ನಾವು ಹತ್ತು ಮಂದಿ. ಎಪ್ಪತ್ತೆರಡು ವರ್ಷದ ನಮ್ಮ ಆಯಿಯೂ ಇದ್ದಳು. ಕಾಳಿ ನದಿ ಸಮುದ್ರ ಸೇರುವ ಜಾಗ ಅದು. ಎದುರಿಗೆ ಕೂರ್ಮಗಡ ದ್ವೀಪ, ಅದರಾಚೆ ದೀಪಸ್ತಂಭ ಇರುವ ದೇವಗಡ ದ್ವೀಪ. ಈ ದ್ವೀಪಗಳ ಸುತ್ತಲಿನ ನೀರಿನಲ್ಲಿ ಡಾಲ್ಫಿನ್ ಕಾಣುತ್ತವೆ.

ನಮ್ಮ ಗಾಡಿಯ ಎಂ.ಎಚ್. 24 ನಂಬರ್ ನೋಡಿದ ಏಜೆಂಟ ಹಿಂದಿಯಲ್ಲೇ ಭಾವ ಹೇಳಿದ. "ಗ್ಯಾರಂಟಿ ತೋರಿಸ್ತೀವಿ, ಹತ್ತಿರದಿಂದ ತೋರಿಸ್ತೀವಿ" ಎಂದ. ನಾವೂ ಖುಷಿಪಟ್ಟೆವು. ದೋಣಿ ದಂಡೆ ಬಿಟ್ಟು ಅರ್ಧ ತಾಸಿಗೆ ನೀರಿನ ಮೇಲೆ ಬೂದಿಬಣ್ಣದ ಬೆನ್ನು ಕಂಡಿತು. ಒಂದು ದೊಡ್ಡದು, ಮಗ್ಗುಲಲ್ಲೇ ಒಂದು ಸಣ್ಣದು. ದೋಣಿಯವ ಇಂಜಿನ್ ಜೋರು ಮಾಡಿದ. ಆ ಕಡೆಯಿಂದ ಇನ್ನೂ ಎರಡು ದೋಣಿ ಬಂದವು. ಮೂರೂ ದೋಣಿಗಳಲ್ಲಿ ಮಂದಿ ಚೀರುವುದು, ಸೀಟಿ ಹೊಡೆಯುವುದು, ಮೊಬೈಲ್ ಎತ್ತಿ ಹಿಡಿಯುವುದು. ನಾನೂ "ಇನ್ನೂ ಹತ್ರ ತಗೋರಿ" ಎಂದು ಕೂಗಿದವನೇ. ಸುಳ್ಳು ಯಾಕೆ ಹೇಳಲಿ.

ಆಗ ಆಯಿ ಒಂದು ಮಾತು ಅಂದಳು: "ಯಾಕ ಬೆನ್ನ ಹತ್ತಲತೀರಿ? ಅದು ಮರಿ ತಗೊಂಡು ಓಡಲತದ. ಈದ ಆಕಳ ಹತ್ರ ಹಿಂಗ ಹೋಗ್ತೀರೇನು? ಹೋದ್ರ ಹಾಯತದ."

ದೋಣಿಯಲ್ಲಿ ಯಾರೂ ಮಾತಾಡಲಿಲ್ಲ. ಡಾಲ್ಫಿನ್ ಮುಳುಗಿತು, ಮತ್ತೆ ಕಾಣಲಿಲ್ಲ. ಫೋಟೊದಲ್ಲಿ ಬಂದದ್ದು ಬರೀ ನೀರು.

ದೇವಣಿ ಹೆಸರು ದೇಶಕ್ಕೆ ಗೊತ್ತಿರುವುದೇ ದನದ ತಳಿಯಿಂದ. ಈದ ಆಕಳನ್ನು ಎಷ್ಟು ದೂರದಿಂದ ನೋಡಬೇಕು, ಕರುವಿನ ಮೈ ಯಾವಾಗ ಮುಟ್ಟಬೇಕು ಎಂಬುದು ನಮ್ಮೂರಿನ ಸಣ್ಣ ಹುಡುಗನಿಗೂ ಗೊತ್ತು. ಆ ತಿಳಿವಳಿಕೆಯನ್ನು ಸಮುದ್ರದ ದಂಡೆಯಲ್ಲಿ ಚಪ್ಪಲಿ ಜೊತೆ ಬಿಟ್ಟು ಹೋಗುತ್ತೇವೆ. ರೊಕ್ಕ ಕೊಟ್ಟಿದ್ದೇವೆ, ಹತ್ತಿರದಿಂದ ತೋರಿಸಲೇಬೇಕು ಎಂಬ ಹಟ ಮಾತ್ರ ದೋಣಿ ಹತ್ತುತ್ತದೆ.

ಎರಡನೇ ದಿನದ ದೋಣಿ

ಮರುದಿನ ಮುಂಜಾನೆ ವಸತಿಗೃಹದವರು ಬೇರೊಂದು ದೋಣಿ ಗೊತ್ತು ಮಾಡಿಕೊಟ್ಟರು. ಅದರವನು ಅರವತ್ತರ ಸುಮಾರಿನ ಮೀನುಗಾರ. ಮನೆಮಾತು ಕೊಂಕಣಿ, ನಮ್ಮ ಸಂಗಡ ಕನ್ನಡ. ಹತ್ತುವ ಮೊದಲೇ ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿದ. ಆಯಿ "ನನಗ ಬ್ಯಾಡಪಾ" ಅಂದರೆ, "ಅಮ್ಮಾ, ನೀವು ಹಾಕ್ಕೊಳ್ಳದಿದ್ರೆ ದೋಣಿ ಬಿಡುದಿಲ್ಲ" ಎಂದು ತಾನೇ ಪಟ್ಟಿ ಕಟ್ಟಿದ.

ದ್ವೀಪದ ಮಗ್ಗುಲಿಗೆ ಬಂದಾಗ ಇಂಜಿನ್ ಬಂದ್ ಮಾಡಿದ. "ಇನ್ನು ಯಾರೂ ಮಾತಾಡುದು ಬೇಡ, ನೀರಿನ ಮೇಲೆ ಕಣ್ಣಿಡಿ" ಎಂದ. ಹತ್ತು ನಿಮಿಷ ಅಲೆಯ ಸಪ್ಪಳ ಬಿಟ್ಟರೆ ಏನೂ ಇಲ್ಲ. ಹುಡುಗರು ಚಡಪಡಿಸಿದರು. ಆಮೇಲೆ ಒಂದು ಉಸಿರು ಕೇಳಿಸಿತು. ಎತ್ತು ಮೂಗಿನಿಂದ ಬಿಡುವ ಉಸಿರಿನಂಥದೇ ಸಪ್ಪಳ. ದೋಣಿಯಿಂದ ದೂರದಲ್ಲಿ ನಾಲ್ಕು ಬೆನ್ನುಗಳು ಒಂದರ ಹಿಂದೆ ಒಂದು ಎದ್ದವು, ಮುಳುಗಿದವು, ಮತ್ತೆ ಎದ್ದವು. ಸುಮಾರು ಹೊತ್ತು ಅಲ್ಲೇ ಮೀನು ಹಿಡಿಯುತ್ತ ಇದ್ದವು. ಓಡಿಸುವವರು ಇರಲಿಲ್ಲ, ಅವೂ ಓಡಲಿಲ್ಲ.

ಆ ಹೊತ್ತಿನಲ್ಲಿ ಆತ ಸಣ್ಣ ದನಿಯಲ್ಲಿ ಹೇಳಿದ ಮಾತುಗಳನ್ನು ನಮ್ಮ ಮಕ್ಕಳು ಇಂದಿಗೂ ಮರೆತಿಲ್ಲ. ಡಾಲ್ಫಿನ್ ಮೀನಲ್ಲ, ಮರಿ ಹಾಕಿ ಹಾಲು ಕುಡಿಸುವ ಪ್ರಾಣಿ. ನಮ್ಮ ಹಾಗೆ ಗಾಳಿಯನ್ನೇ ಉಸಿರಾಡಬೇಕು, ಅದಕ್ಕೇ ಮೇಲೆ ಬರುತ್ತದೆ. ಇಲ್ಲಿ ಕಾಣುವ ಜಾತಿಗೆ ಬೆನ್ನ ಮೇಲೆ ಗೂನು ಇದೆ. ಇದು ನಡುಸಮುದ್ರದ್ದಲ್ಲ, ದಂಡೆಯ ಹತ್ತಿರ, ನದಿಬಾಯಿಯಲ್ಲಿ ಇರುವಂಥದು. ಕೆಸರು ನೀರಿನಲ್ಲಿ ಕಣ್ಣಿಗಿಂತ ಸಪ್ಪಳವೇ ಇದಕ್ಕೆ ಆಸರೆ. ಬಾವಲಿಯಂತೆ ಸಪ್ಪಳ ಬಿಟ್ಟು, ಅದು ತಿರುಗಿ ಬರುವುದನ್ನು ಕೇಳಿ ಮೀನು ಹುಡುಕುತ್ತದೆ. ಸುತ್ತ ಮೂರು ಇಂಜಿನ್ ಹೊಡೆದುಕೊಂಡರೆ ಅದಕ್ಕೆ ಕಣ್ಣಿಗೆ ಬಟ್ಟೆ ಕಟ್ಟಿದಂತೆ.

ದ್ವೀಪದ ಮರದ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ತೋರಿಸಿದ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿ ಇವು ಗೂಡು ಕಟ್ಟುತ್ತವೆ ಎಂದ. ತಲೆಯ ಮೇಲೆ ಬಿಳಿಗೊರಳಿನ ಗರುಡ ಸುತ್ತಿದಾಗ ಆಯಿ ಕೈಮುಗಿದಳು. ಬಂಡೆಯ ಮೇಲೆ ರೆಕ್ಕೆ ಹರವಿ ಒಣಗಿಸುತ್ತಿದ್ದ ನೀರುಕಾಗೆ ನೋಡಿ ಸಣ್ಣವ "ಇದು ನಮ್ಮ ಕೆರ್‍ಯಾಗೂ ಬರ್ತದಲ್ಲ!" ಎಂದ. ಚಳಿಗಾಲದಲ್ಲಿ ಈ ದಂಡೆಯ ಉಸುಕಿನಲ್ಲಿ ಕಡಲಾಮೆ ಮೊಟ್ಟೆ ಇಡುವುದನ್ನೂ, ಅರಣ್ಯ ಇಲಾಖೆಯವರು ಮೀನುಗಾರರ ನೆರವಿನಿಂದ ಅವನ್ನು ಕಾಯುವುದನ್ನೂ ಆತ ಹೇಳಿದ.

ಕನ್ನಡದಲ್ಲಿ ಹೇಳಿದ್ದೇ ಬೇರೆ

ಇಲ್ಲೊಂದು ಮಾತು ಗಡಿಯ ಈಚೆಗಿನ ನಮಗೆ ಸಂಬಂಧಪಟ್ಟದ್ದು. ನಮ್ಮದು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪೇಟೆಯಲ್ಲಿ ಎರಡೂ. ನಮ್ಮ ಮಕ್ಕಳ ಕನ್ನಡ ಅಡುಗೆಮನೆ, ಹೊಲ, ಹಬ್ಬದ ಆಚೆ ಹೋಗುವುದು ಕಡಿಮೆ. ಪ್ರಾಣಿ, ವಿಜ್ಞಾನ, ಸಮುದ್ರ ಇವೆಲ್ಲ ಅವರಿಗೆ ಮರಾಠಿ ಅಥವಾ ಇಂಗ್ಲಿಷ್ ವಿಷಯ. ಆ ಮುಂಜಾನೆ ಆಯಿಗೆ ಅರ್ಥವಾದ ಭಾಷೆಯಲ್ಲೇ ಮೊಮ್ಮಕ್ಕಳೂ ಡಾಲ್ಫಿನ್ ವಿಷಯ ಕೇಳಿದರು. ಅವರು ಕೇಳಿದ ಪ್ರಶ್ನೆಯೂ ಕನ್ನಡದಲ್ಲೇ ಇತ್ತು. ಅವರಿಗೆ ಗೊತ್ತಿಲ್ಲದ ಶಬ್ದ ಬಂದಾಗ ಆಯಿಯೇ ಬಿಡಿಸಿ ಹೇಳಿದಳು. ಹಿಂದಿಯಲ್ಲಿ ಭಾವ ಹೇಳಿದ ಮೊದಲ ದಿನದ ದೋಣಿಯಲ್ಲಿ ಆಯಿ ಬರೀ ಸಾಮಾನಿನ ಹಾಗೆ ಕುಳಿತಿದ್ದಳು.

ಆದ್ದರಿಂದ ಗಾಡಿ ನಂಬರ್ ನೋಡಿ ಹಿಂದಿ ಶುರು ಮಾಡುವವರಿಗೆ "ನಮಗ ಕನ್ನಡ ಬರ್ತದ್ರಿ, ಕನ್ನಡದಾಗ ಹೇಳ್ರಿ" ಎಂದು ನಾವೇ ಹೇಳಬೇಕು. ಸಂಕೋಚ ಬೇಡ. ನಾವು ಹೇಳದಿದ್ದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು?

ಜೀವದ ಪ್ರಶ್ನೆ

ಗೈಡ್ ಅಂದರೆ ಬರೀ ಮಾತು ಹೇಳುವವನಲ್ಲ, ಜೀವ ಕಾಯುವವನೂ ಹೌದು. ಇದೇ ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ 2019ರ ಜನವರಿ 21ರಂದು ಮಗುಚಿ 16 ಜನ ಸತ್ತರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು. ಸತ್ತವರಲ್ಲಿ ಹಾವೇರಿ ಕಡೆಯ ಬಯಲುಸೀಮೆಯವರೂ ಇದ್ದರು. ನಮ್ಮ ಹಾಗೆಯೇ ಸಮುದ್ರದ ಗುಣ ತಿಳಿಯದವರು. 2022ರ ಏಪ್ರಿಲ್‌ನಲ್ಲಿ ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪದಲ್ಲಿ ಕೇರಳದಿಂದ ಬಂದ ಮೂವರು ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರ್ 18ರಂದು ಮುಂಬೈಯಲ್ಲಿ ಎಲಿಫೆಂಟಾ ದ್ವೀಪಕ್ಕೆ ಹೊರಟ ಪ್ರಯಾಣಿಕರ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು ಹತ್ತಾರು ಮನೆಗಳಲ್ಲಿ ಕತ್ತಲೆ ಕವಿಯಿತು.

ಈಜು ಬಾರದ ನಮ್ಮಂಥವರಿಗೆ ಲೈಫ್ ಜಾಕೆಟ್ ಶೋಭೆಯ ವಸ್ತುವಲ್ಲ. ಫೋಟೊ ಚೆಂದ ಬರುವುದಿಲ್ಲ ಎಂದು ಬಿಚ್ಚಿ ಇಡುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆಯೇ ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಆಗ ಹೋಗಿ "ಇಷ್ಟು ದೂರದಿಂದ ಬಂದೀವಿ" ಎಂದು ಜಗಳ ತೆಗೆಯುವುದೂ ಸರಿಯಲ್ಲ.

ಏನಾಗಬೇಕು?

ಡಾಲ್ಫಿನ್ನಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ. ಹುಲಿಗೆ ಇರುವುದೂ ಅದೇ. ಹುಲಿಯ ಬೆನ್ನಿಗೆ ಮೂರು ಜೀಪು ಬಿಟ್ಟು ಸೀಟಿ ಹೊಡೆದರೆ ಯಾರೂ ಸುಮ್ಮನಿರುವುದಿಲ್ಲ. ಡಾಲ್ಫಿನ್ ವಿಷಯದಲ್ಲಿ ಅದು ದಿನದ ವ್ಯಾಪಾರವಾಗಬಾರದು. ಆಸ್ಟ್ರೇಲಿಯಾದ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ದೋಣಿ ಡಾಲ್ಫಿನ್ನಿನಿಂದ 50 ಮೀಟರ್, ತಿಮಿಂಗಿಲದಿಂದ 100 ಮೀಟರ್ ದೂರ ಇರಬೇಕೆಂದು ಹೇಳಿದೆ. ಹಾಗೆ ದೂರದಿಂದ ತೋರಿಸಿಯೂ ಅಲ್ಲಿ ಪ್ರವಾಸಿಗರಿಗೆ ಬರವಿಲ್ಲ.

ಅಷ್ಟು ದೂರ ಯಾಕೆ? ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳ ರಂಗನತಿಟ್ಟು ನೋಡಿರಿ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಜಾಗ. ಅರಣ್ಯ ಇಲಾಖೆಯ ದೋಣಿಯವರು ಹುಟ್ಟುಹಾಕುತ್ತ ಹಕ್ಕಿಗಳ ಹೆಸರು ಹೇಳುತ್ತಾರೆ, ಬಂಡೆಯ ಮೇಲೆ ಮೈಕಾಯಿಸುವ ಮೊಸಳೆ ತೋರಿಸುತ್ತಾರೆ. ನಮ್ಮ ಮಹಾರಾಷ್ಟ್ರದ್ದೇ ರತ್ನಾಗಿರಿ ಜಿಲ್ಲೆಯ ವೇಳಾಸ್ ಊರಿನಲ್ಲಿ ಕಡಲಾಮೆಯ ಮರಿ ಸಮುದ್ರಕ್ಕೆ ಹೋಗುವುದನ್ನು ನೋಡಲು ಜನ ಬರುತ್ತಾರೆ. ಊರವರು ಮನೆಯಲ್ಲೇ ಊಟ, ವಸತಿ ಕೊಡುತ್ತಾರೆ. ಪ್ರಾಣಿ ಉಳಿದರೆ ತಮ್ಮ ಹೊಟ್ಟೆಪಾಡೂ ಉಳಿಯುತ್ತದೆ ಎಂಬುದು ಅವರಿಗೆ ಮನವರಿಕೆಯಾಗಿದೆ.

ಕರಾವಳಿಯ ಮೀನುಗಾರರಿಗೂ ಇಂಥ ತರಬೇತಿ, ಲೈಸನ್ಸ್, ಗುರುತಿನ ಚೀಟಿ ಸಿಗಬೇಕು. ಸಮುದ್ರ ಬಲ್ಲವನೇ ಗೈಡ್ ಆಗಬೇಕು. ದೋಣಿಗೆ ಎಷ್ಟು ಜನ, ಎಷ್ಟು ದೂರ, ಎಷ್ಟು ದರ ಎಂಬ ಫಲಕ ದಕ್ಕೆಯಲ್ಲಿ ಕನ್ನಡದಲ್ಲೂ ಎದ್ದು ಕಾಣುವಂತಿರಬೇಕು. ಪ್ರವಾಸೋದ್ಯಮ ಇಲಾಖೆ, ಅರಣ್ಯ ಇಲಾಖೆ, ಬಂದರು ಇಲಾಖೆಯವರು ಕೂಡಿ ಈ ಬಗ್ಗೆ ಗಮನ ಹರಿಸಬೇಕು.

ಆದರೆ ಎಲ್ಲವನ್ನೂ ಸರ್ಕಾರದ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಆ ಮೊದಲ ದಿನದ ದೋಣಿಯವ ಬೆನ್ನಟ್ಟಿದ್ದು ನಾವು ಕೂಗಿದ್ದಕ್ಕೆ. ಗಿರಾಕಿ ಕೇಳಿದ್ದನ್ನು ಅಂಗಡಿಯವ ಕೊಡುತ್ತಾನೆ. ದೋಣಿ ಹತ್ತುವ ಮೊದಲು ಮೂರು ಮಾತು ಕೇಳೋಣ. ಎಲ್ಲರಿಗೂ ಜಾಕೆಟ್ ಅದವೇನ್ರಿ? ಪ್ರಾಣಿ ಕಂಡಾಗ ಇಂಜಿನ್ ಬಂದ್ ಮಾಡ್ತೀರೇನು? ಕನ್ನಡದಾಗ ಹೇಳ್ತೀರೇನು? ಮೂರಕ್ಕೂ ಹೌದು ಅಂದವನಿಗೆ ನೂರು ರೂಪಾಯಿ ಹೆಚ್ಚು ಹೋದರೂ ಚಿಂತೆಯಿಲ್ಲ. ‘ಗ್ಯಾರಂಟಿ ಹತ್ರದಿಂದ’ ಅನ್ನುವವನನ್ನು ಬಿಟ್ಟು ಮುಂದೆ ಹೋಗೋಣ.

ಕಾರವಾರಕ್ಕೆ ಹೋಗುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ಅದೂ ನಿಜ. ನಿಲಂಗಾ ತಾಲೂಕಿನ ದಂಡೆ ಮುಟ್ಟಿ ಬೀದರಿಗೆ ಹರಿಯುವ ನಮ್ಮ ಮಾಂಜರಾ ನದಿ ತೆಲಂಗಾಣದ ಸಂಗಾರೆಡ್ಡಿ ಹತ್ತಿರ ಮೊಸಳೆಗಳ ಅಭಯಾರಣ್ಯವಾಗಿದೆ. ಅಲ್ಲೂ ನಡುಗಡ್ಡೆಗಳಿವೆ, ಹಕ್ಕಿಗಳಿವೆ. ನಮ್ಮ ಕೆರೆಯ ನೀರುಕಾಗೆಯನ್ನು ಮಗುವಿಗೆ ಕನ್ನಡದಲ್ಲಿ ಹೆಸರು ಹೇಳಿ ತೋರಿಸಲು ಟಿಕೇಟೂ ಬೇಡ.

ಆಯಿ ಈಗಲೂ ಓಣಿಯವರಿಗೆ ಸಮುದ್ರದ ಕಥೆ ಹೇಳುತ್ತಾಳೆ. ಹೇಳುವುದೆಲ್ಲ ಎರಡನೇ ದಿನದ್ದೇ. ಮೊದಲ ದಿನದ ದೋಣಿಯ ಸುದ್ದಿ ಯಾರಾದರೂ ತೆಗೆದರೆ, "ಅದಾ? ಅದು ರೊಕ್ಕ ಹೋಗಿದ್ದಷ್ಟೇ ಬಿಡ್ರಿ" ಎಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾಳೆ.