ಸುಂಕದ ಕಟ್ಟೆ ಈಗ ಬ್ಯಾಂಕಿನೊಳಗಿದೆ!

ಗೋವಾ ಪೋರ್ಚುಗೀಸರ ಕೈಯಲ್ಲಿದ್ದ ಕಾಲದಲ್ಲಿ ನಮ್ಮ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ಗಡಿಯ ಸ್ಟೇಷನ್ನು. ಸುಂಕದವರು ಅಲ್ಲಿ ಗಂಟುಮೂಟೆ ಬಿಚ್ಚಿಸುತ್ತಿದ್ದರು. 1961ರಲ್ಲಿ ಗೋವಾ ಬಿಡುಗಡೆಯಾಯಿತು, ಆ ಗಡಿಯೂ ಅಳಿಸಿಹೋಯಿತು. ಆದರೆ ಅದೇ ಊರಿನಿಂದ ದುಡಿಯಲು ಬೆಂಗಳೂರಿಗೆ ಬಂದ ಹುಡುಗನೊಬ್ಬ, ಅಪ್ಪ-ಅವ್ವನಿಗೊಂದು ಮನೆ ಕಟ್ಟಿಸಲು ಸಾಲ ಕೇಳಹೋದ ಎನ್ನಿ. ಅವನ ಗಂಟು ಮತ್ತೆ ಬಿಚ್ಚುತ್ತಾರೆ. ಈ ಸಲ ಹೊರಬೀಳುವುದು ಹಳೇ ಸಾಲದ ಜಾತಕ!

2020ರ ಲಾಕ್‌ಡೌನಿನಲ್ಲಿ ಕೆಲಸ ಹೋಗಿ ಬೈಕಿನ ಕಂತು ತಪ್ಪಿತ್ತು. ‘ಇಷ್ಟು ಕೊಟ್ಟು ಮುಗಿಸಿಕೋ’ ಎಂದರು ವಸೂಲಿಯವರು. ಕೊಟ್ಟ, ಮರೆತ. ಜಾತಕ ಮರೆಯಲಿಲ್ಲ. ಕಡಿಮೆ ಹಣಕ್ಕೆ ಮುಗಿಸಿದ ಸಾಲಕ್ಕೆ ಅಲ್ಲಿ ‘ಸೆಟಲ್ಡ್’ ಎಂದು ಬರೆಯುತ್ತಾರೆ. ಪೂರ್ತಿ ತೀರಿಸಿದರೆ ಮಾತ್ರ ‘ಕ್ಲೋಸ್ಡ್’. ಈ ಎರಡು ಇಂಗ್ಲಿಷ್ ಪದಗಳ ನಡುವೆ ಒಂದು ಮನೆಯೇ ಬಿದ್ದುಹೋಗುತ್ತದೆ. ಸಹಿ ಹಾಕಿಸಿಕೊಳ್ಳುವಾಗ ಇದನ್ನು ಕನ್ನಡದಲ್ಲಿ ಹೇಳಿದವರು ಯಾರು ಸ್ವಾಮಿ?

ಸಾಲ ಮುಳುಗಿಸಿ ಎಂದು ನಾವು ಹೇಳುತ್ತಿಲ್ಲ. ಬ್ಯಾಂಕಿನ ದುಡ್ಡು ಜನರ ಠೇವಣಿ. ಆದರೆ ಎಡವಿದವನು ಎದ್ದು ನಿಲ್ಲಲು ಇರುವ ದಾರಿ ಅವನಿಗೆ ಗೊತ್ತಾಗದಿದ್ದರೆ ಅದು ಅನ್ಯಾಯ.

ಯುವಕರೇ, ಗೊತ್ತಿರಲಿ. 2000ದಲ್ಲಿ ಹುಟ್ಟಿದ ಸಿಬಿಲ್ ಸೇರಿದಂತೆ ಈ ಜಾತಕ ಬರೆಯುವ ಕಂಪನಿಗಳು ನಾಲ್ಕು. ಒಂದೊಂದೂ ವರ್ಷಕ್ಕೊಮ್ಮೆ ನಿಮ್ಮ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಅಂಕ 300ರಿಂದ 900. ಬ್ಯಾಂಕಿಗೆ ಹೋಗುವ ಮುಂಚೆ ತರಿಸಿ ಓದಿ. ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರಿಂದ ಜಾರಿಯಲ್ಲಿದೆ. ‘ಸೆಟಲ್ಡ್’ ಎಂದಿದ್ದರೆ ಉಳಿದ ಬಾಕಿ ಎಷ್ಟೆಂದು ಕೇಳಿ ಕಟ್ಟಿ, ಬಾಕಿಯಿಲ್ಲವೆಂಬ ಪತ್ರ ಪಡೆದು, ವರದಿ ಬದಲಿಸಲು ಬರೆದುಕೊಡಿ. ‘ದುಡ್ಡು ಕೊಡಿ, ಸಿಬಿಲ್ ಅಳಿಸಿಕೊಡ್ತೀವಿ’ ಎನ್ನುವ ದಲ್ಲಾಳಿಯನ್ನು ಮಾತ್ರ ನಂಬಬೇಡಿ. ನಿಜವಾಗಿ ತಪ್ಪಿದ ಕಂತನ್ನು ಯಾರೂ ಅಳಿಸಲಾರರು.

ಮ್ಯಾನೇಜರರ ಮುಂದೆ ಹಳೇ ಸಾಲವನ್ನು ಬಚ್ಚಿಡಬೇಡಿ. ಯಾಕೆ ತಪ್ಪಿತು, ಹೇಗೆ ತೀರಿಸಿದೆ, ಈಗಿನ ಸಂಬಳವೆಷ್ಟು, ಎಲ್ಲದರ ಕಾಗದ ಮುಂದಿಡಿ. ಆಗಲೂ ಇಲ್ಲವೆಂದರೆ, ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮವೇ. ಸಾಲ ಸಿಕ್ಕರೆ ಬಡ್ಡಿ, ಶುಲ್ಕಗಳ ಮುಖ್ಯಾಂಶ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಇದು 2024ರ ಅಕ್ಟೋಬರ್ 1ರಿಂದ ಕಡ್ಡಾಯ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರವಿಲ್ಲವೇ? ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ವಿಚಾರಿಸಲು 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಿ.

ನಿಯಮ ಇದೆ, ಕೇಳುವವರಿಲ್ಲ. ಕನ್ನಡವೆಂದರೆ ಬರೀ ಬೋರ್ಡಿನ ಮೇಲಿನ ಅಕ್ಷರವಲ್ಲ, ನೀವು ಸಹಿ ಹಾಕುವ ಕಾಗದವೂ ಹೌದು. ಓದದೆ ಸಹಿ ಹಾಕಬೇಡಿ. ಇಂಗ್ಲಿಷಿನಲ್ಲಿ ಕೊಟ್ಟರೆ ಕಾಗದ ವಾಪಸ್ ತಳ್ಳಿ ಹೇಳಿ: ಕನ್ನಡದಲ್ಲಿ ಕೊಡಿ!