ಕೂಲಿಯಿಲ್ಲದ ಶಿಫ್ಟ್

ತಿರುಪ್ಪೂರಿನಲ್ಲಿ ಒಂದೂವರೆ ಶಿಫ್ಟ್ ಎಂದರೇನೆಂದು ನಮ್ಮ ಓದುಗ ಬಂಧುಗಳಿಗೆ ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಎಂಟೂವರೆಗೆ ಬನಿಯನ್ ಕಂಪನಿಯ ಗೇಟು ದಾಟಿದವರು ರಾತ್ರಿ ಎಂಟೂವರೆಗೆ ಹೊರಬರುತ್ತಾರೆ. ಅನಂತರ ಅಡಿಗೆ, ಊಟ, ನೀರು ಹಿಡಿಯುವುದು, ಊರಿಗೆ ಒಂದು ಫೋನು. ಇಷ್ಟಾಗುವಾಗ ಹತ್ತೂವರೆ. ನಮ್ಮ ಯುವಕರಲ್ಲಿ ಕೆಲವರಿಗೆ ಈಗ ಅಲ್ಲಿಂದ ಮುಂದೆ ಇನ್ನೊಂದು ಶಿಫ್ಟ್ ಆರಂಭವಾಗುತ್ತಿದೆ. ಅದಕ್ಕೆ ಗೇಟಿಲ್ಲ, ಹಾಜರಿ ಪುಸ್ತಕವಿಲ್ಲ, ಶನಿವಾರದ ಬಟವಾಡೆಯೂ ಇಲ್ಲ. ಕೈಯಲ್ಲಿರುವ ಮೊಬೈಲೇ ಕಾರ್ಖಾನೆ.

ನಾವು ಹೇಳಹೊರಟಿರುವುದು ಆನ್‌ಲೈನ್ ಆಟಗಳ ವಿಷಯ. ರಮ್ಮಿ ಮುಂತಾದ ಹಣದ ಆಟಗಳ ವಿಷಯ ಬೇಕಾದಷ್ಟು ಬರೆದಾಗಿದೆ, ಅದನ್ನು ಬಿಡೋಣ. ಹಣ ಕಟ್ಟದೆ ಆಡುವ, ರಾಜರು, ರಾಕ್ಷಸರು, ಮಂತ್ರವಾದಿಗಳು ತುಂಬಿದ ಕಲ್ಪನಾಲೋಕದ ಆಟಗಳಿವೆ. ಆಡುವವನು ಒಂದು ಪಾತ್ರವನ್ನು ಧರಿಸಿಕೊಂಡು ಒಳಹೋಗುತ್ತಾನೆ: ಯೋಧನೋ, ಬಿಲ್ಲುಗಾರನೋ, ಗಾಯ ವಾಸಿಮಾಡುವ ವೈದ್ಯನೋ ಆಗಿ. ಅದೇ ಹೊತ್ತಿನಲ್ಲಿ ಬೇರೆ ಬೇರೆ ಊರುಗಳ ಸಾವಿರಾರು ಜನ ಅದೇ ಲೋಕದಲ್ಲಿ ಓಡಾಡುತ್ತಿರುತ್ತಾರೆ. ಕಾದಾಡಿ, ಗಳಿಸಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬೇಕು. ಇಂಥ ಆಟವನ್ನು ಮಾರುಕಟ್ಟೆಗೆ ಬಿಡುವುದಕ್ಕೆ ಮೊದಲು ಕಂಪನಿಯವರು ಕೆಲವರನ್ನು ಆರಿಸಿ ಕರೆದು ಆಡಿಸಿ ನೋಡುತ್ತಾರೆ. ಎಲ್ಲಿ ಕೆಡುತ್ತದೆ, ಎಲ್ಲಿ ನಿಂತುಹೋಗುತ್ತದೆ, ಎಷ್ಟು ಜನರ ಭಾರವನ್ನು ಯಂತ್ರ ತಡೆಯುತ್ತದೆ ಎಂದು ತಿಳಿಯುವುದಕ್ಕಾಗಿ. ಇದಕ್ಕೆ ಬೀಟಾ ಪರೀಕ್ಷೆ ಎಂದು ಹೆಸರು. ಆಟಕ್ಕಿಂತ ಈ ಪರೀಕ್ಷೆಯ ಹಂತವೇ ದುಡಿಯುವ ಹುಡುಗರನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಹನೂರು ಕಡೆಯಿಂದ ಬಂದ ಒಬ್ಬ ಯುವಕನನ್ನು ನಾವು ಬಲ್ಲೆವು. ಹೆಸರು ಬೇಡ. ವಯಸ್ಸು ಇಪ್ಪತ್ತೆರಡು, ಪವರ್ ಟೇಬಲ್ ವಿಭಾಗದಲ್ಲಿ ಮೂರು ವರ್ಷದಿಂದ ಕೈಮಡಿ. ಟೈಲರ್ ಪಕ್ಕದಲ್ಲಿ ನಿಂತು ಬಟ್ಟೆ ಮಡಿಸಿ ಕೊಡುವುದು, ದಾರ ಕತ್ತರಿಸುವುದು, ಬಂಡಲ್ ಕಟ್ಟುವುದು. ಮೆಷಿನ್ ಮೇಲೆ ಕೂರಿಸುತ್ತೇವೆಂದು ಮೂರು ದೀಪಾವಳಿಗಳಿಂದ ಹೇಳುತ್ತಲೇ ಇದ್ದಾರೆ. ಇವನಿಗೆ ಒಂದು ಆಟದ ಪರೀಕ್ಷೆಗೆ ಕರೆ ಬಂತು. ವೈದ್ಯನ ಪಾತ್ರ ಹಿಡಿದ. ಎರಡನೆಯ ವಾರದಲ್ಲಿ ಒಂದು ಹಳ್ಳಿಯ ಸೇತುವೆಯ ಮೇಲೆ ನಿಂತರೆ ಆಟಗಾರ ನೆಲದೊಳಕ್ಕೆ ಬಿದ್ದು ಮಾಯವಾಗುತ್ತಾನೆಂಬುದನ್ನು ಕಂಡುಹಿಡಿದು ತನಗೆ ಬಂದ ಇಂಗ್ಲಿಷಿನಲ್ಲಿ ಬರೆದು ಕಳಿಸಿದ. ಬೆಳಗಾಗುವುದರೊಳಗೆ ಉತ್ತರ ಬಂತು. ವಂದನೆ ಹೇಳಿದ್ದರು, ಹೆಸರಿನ ಪಕ್ಕಕ್ಕೆ ಒಂದು ಪದಕವನ್ನೂ ಇಟ್ಟಿದ್ದರು. ನಾಲ್ಕು ದಿನದಲ್ಲಿ ಸೇತುವೆ ಸರಿಯಾಯಿತು.

ಅದೇ ತಿಂಗಳಲ್ಲಿ ಅವನು ತನ್ನ ಟೇಬಲಿನ ಸ್ವಿಚ್ ಶಾಕ್ ಹೊಡೆಯುತ್ತದೆಂದು ಕಂಪನಿಯಲ್ಲಿ ಎರಡು ಸಲ ಹೇಳಿದ್ದ. ಯಾರೂ ತಿರುಗಿ ನೋಡಲಿಲ್ಲ.

“ಅಣ್ಣ, ಅಲ್ಲಿ ನಾ ಹೇಳುದ್ರೆ ಕೇಳ್ತರೆ ಕಣಣ್ಣ” ಎಂದು ಅವನು ನಮಗೆ ಹೇಳಿದ. ಈ ಒಂದು ಮಾತಿನಲ್ಲಿ ವಿಷಯದ ಮುಕ್ಕಾಲು ಪಾಲು ಇದೆ.

ಹುಡುಗರು ಸೋಮಾರಿಗಳು, ಮೊಬೈಲ್ ಬಂದು ಕೆಟ್ಟರು ಎಂದು ಹಿರಿಯರು ಹೇಳುವುದುಂಟು. ಸೋಮಾರಿಯಾದವನು ಹನ್ನೆರಡು ಗಂಟೆ ದುಡಿದು ಬಂದು ಮತ್ತೆ ನಾಲ್ಕು ಗಂಟೆ ಕುಳಿತು ಯಾರದೋ ಆಟದ ತಪ್ಪು ಹುಡುಕಿ ಬರೆಯುವನೇ? ಅವನು ಅಲ್ಲಿ ಮಾಡಿದ್ದು ಕೆಲಸ. ಚೆಕಿಂಗ್ ವಿಭಾಗದ ಹೆಂಗಸರು ಬನಿಯನ್ನಿನಲ್ಲಿ ತೂತು, ಕಲೆ, ಬಿಟ್ಟ ಹೊಲಿಗೆ ಹುಡುಕುವುದಿಲ್ಲವೇ, ಇದೂ ಅದೇ ಜಾತಿಯ ಕೆಲಸ. ಚೆಕಿಂಗ್‌ನವರಿಗೆ ಶನಿವಾರ ಕೂಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ನಾವು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆವು. ಒಂಬತ್ತು ವಾರ, ದಿನಕ್ಕೆ ನಾಲ್ಕು ಗಂಟೆ, ಒಟ್ಟು 252 ಗಂಟೆ. ಎಂಟು ಗಂಟೆಯ ಶಿಫ್ಟ್ ಲೆಕ್ಕದಲ್ಲಿ ಮೂವತ್ತೊಂದೂವರೆ. ತುಟ್ಟಿಭತ್ಯೆಗಾಗಿ 1984ರಲ್ಲಿ 127 ದಿನ ಮುಷ್ಕರ ಹೂಡಿದ ಊರಿದು. ಗಂಟೆಗೂ ಕೂಲಿಗೂ ಲೆಕ್ಕ ಕೇಳುವುದನ್ನು ಈ ಊರಿಗೆ ಯಾರೂ ಕಲಿಸಬೇಕಾಗಿಲ್ಲ.

ಇದು ಹೊಸ ಸಂಗತಿಯೂ ಅಲ್ಲ. ಅಮೆರಿಕದಲ್ಲಿ ‘ಅಲ್ಟಿಮಾ ಆನ್‌ಲೈನ್’ ಎಂಬ ಆಟವನ್ನು 1997ರಲ್ಲಿ ಪರೀಕ್ಷೆಗೆ ಬಿಟ್ಟಾಗ ಸುಮಾರು 50,000 ಜನ ತಾವೇ ಕೆಲವು ಡಾಲರ್ ಕಟ್ಟಿ ಡಿಸ್ಕ್ ತರಿಸಿಕೊಂಡು ಪರೀಕ್ಷಕರಾದರು. ಕೂಲಿ ಕೊಡುವುದಿರಲಿ, ಕೂಲಿಯವನಿಂದಲೇ ಹಣ! ಆ ವರ್ಷ ಆಗಸ್ಟ್ 8ರಂದು ಆಟವನ್ನು ಸೃಷ್ಟಿಸಿದ ರಿಚರ್ಡ್ ಗ್ಯಾರಿಯಟ್ ರಾಜನ ವೇಷದಲ್ಲಿ ಜನರ ಮುಂದೆ ಬಂದು ನಿಂತಾಗ ಒಬ್ಬ ಪರೀಕ್ಷಕ ಬೆಂಕಿಯ ಮಂತ್ರ ಹಾಕಿ ಆ ರಾಜನನ್ನು ಕೊಂದೇಬಿಟ್ಟ. ರಾಜನಿಗೆ ಸಾವು ತಟ್ಟದಂತೆ ಇಟ್ಟಿದ್ದ ರಕ್ಷಣೆ ಯಂತ್ರ ನಿಂತು ಮತ್ತೆ ಹೊರಟಾಗ ತಪ್ಪಿಹೋಗಿತ್ತು. ಪರೀಕ್ಷಕನ ಕೆಲಸ ದೋಷ ತೋರಿಸುವುದು ತಾನೇ? ಇದಕ್ಕಿಂತ ದೊಡ್ಡ ದೋಷವನ್ನು ಯಾರು ತೋರಿಸಿಯಾರು? ಆದರೂ ಅವನನ್ನು ಪರೀಕ್ಷೆಯಿಂದ ಹೊರಹಾಕಿದರು. ಅದೇ ಆಟದಲ್ಲಿ ಹೊಸಬರಿಗೆ ದಾರಿ ತೋರಿಸಲು ಬಿಟ್ಟಿಯಾಗಿ ದುಡಿದ ಕೆಲವರು 2000ರಲ್ಲಿ ನ್ಯಾಯಾಲಯಕ್ಕೆ ಹೋಗಿ, ನಾವು ಮಾಡಿದ್ದು ಕೆಲಸ, ನಮಗೆ ಕೂಲಿ ಬರಬೇಕು ಎಂದು ಕೇಳಿದರು. ಅದಕ್ಕೆ ಹಿಂದಿನ ವರ್ಷ ಎ.ಒ.ಎಲ್. ಎಂಬ ಇಂಟರ್‌ನೆಟ್ ಕಂಪನಿಯ ಸ್ವಯಂಸೇವಕರೂ ಹೀಗೆಯೇ ದಾವೆ ಹೂಡಿದ್ದರು. ಅದು 2010ರಲ್ಲಿ 1.5 ಕೋಟಿ ಡಾಲರಿಗೆ ರಾಜಿಯಾಯಿತು. ಆಟದ ಪಕ್ಕದಲ್ಲಿ ನಿಂತು ಮಾಡಿದ್ದೂ ದುಡಿಮೆಯೇ ಎಂಬ ವಾದ ನಮ್ಮ ಸಂಘದ ಹುಚ್ಚಲ್ಲ ಎಂಬುದಕ್ಕಾಗಿ ಇಷ್ಟು ಹೇಳಿದೆವು.

ಇನ್ನು ಹಿಡಿತದ ಮಾತು. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆಂದು ಪಾರಿವಾಳಕ್ಕೆ ತಿಳಿಯದಂತೆ ಮಾಡಿದರೆ ಅದು ಬಿಡದೆ ಕುಕ್ಕುತ್ತಲೇ ಇರುತ್ತದೆಂದು ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಬಹಳ ಹಿಂದೆಯೇ ತೋರಿಸಿದ. ಆಟಗಳಲ್ಲಿ ರಾಕ್ಷಸನನ್ನು ಕೊಂದಾಗ ಒಮ್ಮೆ ಚಿನ್ನದ ಕತ್ತಿ, ಒಂಬತ್ತು ಸಲ ಏನೂ ಇಲ್ಲ ಎಂಬ ಏರ್ಪಾಡು ಅದೇ. ಪರೀಕ್ಷೆಯ ಹಂತದಲ್ಲಿ ಇದಕ್ಕೆ ಇನ್ನೂ ಕೆಲವು ಕೊಕ್ಕೆಗಳು ಸೇರುತ್ತವೆ. ಆರಿಸಲ್ಪಟ್ಟವರು ಕೆಲವರೇ, ಅವರಲ್ಲಿ ನಾನೊಬ್ಬ ಎಂಬ ಹೆಮ್ಮೆ ಇರುತ್ತದೆ. ವಾರ ವಾರಕ್ಕೆ ಆಟ ಬದಲಾಗುವುದರಿಂದ ಒಂದು ರಾತ್ರಿ ತಪ್ಪಿದರೂ ಹಿಂದೆ ಬಿದ್ದಂತೆ. ಮುಚ್ಚುವ ದಿನಾಂಕ ಮೊದಲೇ ಗೊತ್ತಿರುವುದರಿಂದ ಅಷ್ಟರೊಳಗೆ ಎಲ್ಲವನ್ನೂ ನೋಡಿಬಿಡಬೇಕೆಂಬ ಆತುರ ಬೇರೆ. ನಮ್ಮ ದೇಶದಲ್ಲೇ 2021ರ ಜೂನ್ 17ರಂದು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಗುಂಡಿನ ಆಟವನ್ನು ಅಧಿಕೃತ ಬಿಡುಗಡೆಗೆ ಮುನ್ನ ಪರೀಕ್ಷಾರ್ಥವಾಗಿ ತೆರೆದಾಗ ಇದ್ದಷ್ಟು ಜಾಗಕ್ಕೆ ಯುವಕರು ಮುಗಿಬಿದ್ದದ್ದು ಹಲವರಿಗೆ ನೆನಪಿರಬಹುದು.

ಪರೀಕ್ಷೆ ಮುಗಿದ ದಿನ ಏನಾಗುತ್ತದೆ ಗೊತ್ತೇ? ಎಲ್ಲವನ್ನೂ ಅಳಿಸಿಬಿಡುವುದು ಇಂಥ ಪರೀಕ್ಷೆಗಳಲ್ಲಿ ವಾಡಿಕೆ. ಗಳಿಸಿದ ಮೆಟ್ಟಿಲು, ಕತ್ತಿ, ಕವಚ ಒಂದೂ ಉಳಿಯುವುದಿಲ್ಲ. ಮೊದಲೇ ನಿಯಮಗಳಲ್ಲಿ ಬರೆದಿರುತ್ತಾರೆ, ಅದನ್ನು ಮೋಸವೆನ್ನಲು ಬಾರದು. ನಮ್ಮ ಯುವಕ ಹೇಳಿದಂತೆ, ಕೊನೆಯ ರಾತ್ರಿ ಆಟದೊಳಗಿನ ಪಟ್ಟಣದ ಕಾರಂಜಿಯ ಬಳಿ ಎಲ್ಲರೂ ಸೇರಿದ್ದರಂತೆ. ಬಾಣಬಿರುಸು ಹಾರಿಸಿದರು, ಒಬ್ಬರಿಗೊಬ್ಬರು ನಮಸ್ಕಾರ ಹೇಳಿಕೊಂಡರು, ಎರಡು ಗಂಟೆಗೆ ಪರದೆ ಕಪ್ಪಾಯಿತು. ಯಾಕೋಬನು ಏಳು ವರ್ಷ ದುಡಿದ ಮೇಲೆ ಲಾಬಾನನು ಮಾಡಿದ್ದು ನಮಗೆ ನೆನಪಾಯಿತು; ಆದರೆ ಯಾಕೋಬನಿಗೆ ಕಡೆಗೆ ಕುರಿಗಳಾದರೂ ಸಿಕ್ಕವು. ಇವನಿಗೆ ಸಿಕ್ಕದ್ದು ಬೆಳಗಿನ ಎಂಟೂವರೆಯ ಶಿಫ್ಟ್. ಆ ವಾರ ನಿದ್ದೆಗಣ್ಣಿನಲ್ಲಿ ಎರಡು ಅಳತೆಯ ಪೀಸುಗಳನ್ನು ಒಂದೇ ಬಂಡಲಿನಲ್ಲಿ ಕಟ್ಟಿಬಿಟ್ಟ. ಶನಿವಾರ ಕೂಲಿಯಲ್ಲಿ ಹಿಡಿದುಕೊಂಡರು. ಊರಿನಲ್ಲಿ ತಾಯಿ, ಮಗ ಓವರ್‌ಟೈಮ್ ಮಾಡುತ್ತಿದ್ದಾನೆ, ಅದಕ್ಕೇ ರಾತ್ರಿ ಫೋನು ಎತ್ತುವುದಿಲ್ಲ ಎಂದುಕೊಂಡಿದ್ದರು.

ಆಡುವವರೆಲ್ಲ ರೋಗಿಗಳೆಂದು ನಾವು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ಗೀಳೂ ಸೇರಿದೆ. ಆದರೆ ಅದಕ್ಕೆ ಗುರುತುಗಳನ್ನು ಹೇಳಿದ್ದಾರೆ: ಆಟದ ಮೇಲೆ ಹತೋಟಿ ತಪ್ಪಿರಬೇಕು, ಬದುಕಿನ ಉಳಿದ ಕೆಲಸಗಳಿಗಿಂತ ಅದೇ ಮೇಲಾಗಿರಬೇಕು, ಕೆಡುಕಾಗುತ್ತಿದ್ದರೂ ಬಿಡಲಾರದೆ ಇರಬೇಕು, ಇದು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ನಡೆದಿರಬೇಕು. ಒಂಬತ್ತು ವಾರ ನಿದ್ದೆಗೆಟ್ಟವನಿಗೆ ಈ ಹೆಸರು ಅಂಟಿಸುವುದು ಅನ್ಯಾಯ. ಹಾಗೆಂದು ಹನ್ನೆರಡು ತಿಂಗಳು ಕಾಯುತ್ತಾ ಕೂರುವುದೂ ಸರಿಯಲ್ಲ. ಕತ್ತರಿ, ಸೂಜಿ, ವಿದ್ಯುತ್ತಿನ ನಡುವೆ ನಿಲ್ಲುವವನ ನಿದ್ದೆ ಅವನ ಕೈಬೆರಳಿನ ಪ್ರಶ್ನೆ.

ಸರ್ಕಾರ ಏನು ಮಾಡಿದೆ? ತಮಿಳುನಾಡಿನ 2022ರ ಕಾಯಿದೆ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ರಾತ್ರಿ ಹನ್ನೆರಡರಿಂದ ಬೆಳಗಿನ ಐದರವರೆಗೆ ಆಡಗೊಡಬಾರದೆಂಬ ನಿಯಮವನ್ನು 2025ರ ಫೆಬ್ರುವರಿಯಲ್ಲಿ ಮಾಡಿದರು, ಜೂನ್‌ನಲ್ಲಿ ಮದರಾಸು ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆ ವರ್ಷದ ಆಗಸ್ಟ್‌ನಲ್ಲಿ ಕೇಂದ್ರದ ಕಾಯಿದೆಯೂ ಬಂದು ಹಣದ ಆಟಗಳನ್ನೇ ನಿಷೇಧಿಸಿತು. ಒಳ್ಳೆಯದೇ. ಆದರೆ ಆ ರಾತ್ರಿಯ ನಿಯಮ ಹಣ ಕಟ್ಟಿ ಆಡುವ ಆಟಗಳಿಗೆ ಮಾತ್ರ. ಜೇಬಿನಿಂದ ಹೋದದ್ದು ಹಣವಾದರೆ ಕಾನೂನು ಕಾಣುತ್ತದೆ, ನಿದ್ದೆಯಾದರೆ ಕಾಣುವುದಿಲ್ಲ. ಮಿತಿ ಹಾಕಲಾಗದೆಂದೇನೂ ಇಲ್ಲ. ಮೇಲೆ ಹೇಳಿದ ಗುಂಡಿನ ಆಟ 2022ರಲ್ಲಿ ತಡೆಯಾಗಿ 2023ರ ಮೇ ತಿಂಗಳಲ್ಲಿ ಮರಳಿದಾಗ ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆ ಎಂಬ ಮಿತಿಯೊಡನೆ ಬಂತು. ಆರು ಗಂಟೆ ನಮ್ಮ ಕೈಮಡಿ ಹುಡುಗರಿಗೆ ಮಿತಿಯೇ ಅಲ್ಲ ಎನ್ನಿ! ಆದರೂ ಪರೀಕ್ಷೆಗೆ ಕರೆಯುವ ಕಂಪನಿಗಳು ರಾತ್ರಿ ಬಾಗಿಲು ಮುಚ್ಚಬೇಕು, ದೋಷ ಹುಡುಕಿಕೊಟ್ಟವರಿಗೆ ಪದಕದ ಬದಲು ಹಣ ಕೊಡಬೇಕು ಎಂದು ಕೇಳಲು ಇಷ್ಟು ಆಧಾರ ಸಾಕು.

ಹಾಸ್ಟೆಲುಗಳಲ್ಲಿ ರಾತ್ರಿ ಮೊಬೈಲ್ ಕಸಿದಿಡುವ ಪದ್ಧತಿಯನ್ನು ಕೆಲವರು ಮದ್ದೆಂದು ಹೇಳುತ್ತಾರೆ. ನಮಗೆ ಒಪ್ಪಿಗೆಯಿಲ್ಲ. ಪೀಳಮೇಡು, ಸಿಂಗಾನಲ್ಲೂರು ಕಡೆಯ ಮಿಲ್ಲುಗಳಿಗೆ ಬರುವ ಹೆಣ್ಣುಮಕ್ಕಳಿಗೆ ಆ ಫೋನೇ ತವರು. ಅದರ ಬದಲು ನಮ್ಮ ಭಾನುವಾರದ ಕೂಟದಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಕಂಪನಿಯಲ್ಲಿ ಕಂಡ ದೋಷವನ್ನು ಯಾರು ಬೇಕಾದರೂ ಬರೆಯಬಹುದು. ಮುಂದಿನ ಭಾನುವಾರದೊಳಗೆ ಸಂಘದ ಉತ್ತರ ಅದೇ ಪುಟದಲ್ಲಿ ಇರುತ್ತದೆ. ಶಾಕ್ ಹೊಡೆಯುವ ಸ್ವಿಚ್ಚೇ ಮೊದಲ ಬರಹ. ಮೂರು ಸಲ ಹೋಗಿ ಕೇಳಿದ ಮೇಲೆ ಎಲೆಕ್ಟ್ರಿಷಿಯನ್ ಬಂದು ಬದಲಾಯಿಸಿದ್ದಾನೆ.

ಆ ಯುವಕನಿಗೆ ಇನ್ನೊಂದು ಪರೀಕ್ಷೆಗೆ ಕರೆ ಬಂದಿದೆ. ಹೋಗಬೇಡವೆಂದು ನಾವು ಹೇಳಿಲ್ಲ. ವಾರಕ್ಕೆ ಎಷ್ಟು ರಾತ್ರಿ, ಎಷ್ಟು ಗಂಟೆಯವರೆಗೆ ಎಂದು ಮೊದಲೇ ಬರೆದು ಕೋಣೆಯ ಸಂಗಾತಿಯ ಕೈಗೆ ಕೊಡು ಎಂದಿದ್ದೇವೆ. ಬರೆದುಕೊಟ್ಟಿದ್ದಾನೆ: ಶನಿವಾರ ಮಾತ್ರ, ಹನ್ನೆರಡರವರೆಗೆ. ಕೈಮೀರಿದೆ ಎನ್ನಿಸಿದವರು ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಬಹುದು, ಕನ್ನಡದಲ್ಲೂ ಮಾತನಾಡುತ್ತಾರೆ, ಹಣವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ಒಂದು ಚಿಕಿತ್ಸಾ ವಿಭಾಗ ಆರಂಭವಾಗಿದೆ. ನಮ್ಮವರಲ್ಲಿ ಯಾರಾದರೂ ಅಲ್ಲಿಗೆ ಹೋಗಬೇಕಾದರೆ ಜೊತೆಗೆ ಬರಲು ಸಂಘದಿಂದ ಒಬ್ಬರು ಸಿದ್ಧರಿದ್ದಾರೆ. ಒಂದು ವಾರ ಮೊದಲೇ ತಿಳಿಸಿದರೆ ರಜೆ ಹಾಕಲು ಅನುಕೂಲ.