ಉಂಡ ಮೇಲೆ ಹತ್ತು ನಿಮಿಷ

ಬೆಳಿಗ್ಗೆ ಆರಕ್ಕೆ ಲಾಲ್‌ಬಾಗ್ ಸುತ್ತಿ, ಹತ್ತಿರದ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು, ಒಂಬತ್ತರಿಂದ ಸಂಜೆಯವರೆಗೆ ಕುರ್ಚಿ ಬಿಡದೆ ಕೂರುವವರು ಬೆಂಗಳೂರಿನಲ್ಲಿ ಎಷ್ಟೋ ಮಂದಿ. ವಾಕಿಂಗ್ ಮಾಡಿದರೂ ಶುಗರ್ ಇಳಿಯುತ್ತಿಲ್ಲವಲ್ಲ ಎಂಬ ದೂರು ಅವರದು. ಅವರೇ ವಾಸಿ. ಆ ಮುಕ್ಕಾಲು ಗಂಟೆಯನ್ನೂ ಹೊಂದಿಸಲಾಗದೆ ‘ಸೋಮವಾರದಿಂದ ಶುರು’ ಎನ್ನುತ್ತಲೇ ವರ್ಷ ಕಳೆಯುವವರೂ ಕಡಿಮೆಯಿಲ್ಲ. ಇಬ್ಬರಿಗೂ ಸಿಗುವ ಸಲಹೆ ಒಂದೇ: ದಿನಾ ನಡೀರಿ. ಯಾವಾಗ ಎಂದು ಹೇಳುವವರು ಅಪರೂಪ.

ಮಾತ್ರೆಯ ಚೀಟಿಯಲ್ಲಾದರೆ ‘ಊಟಕ್ಕೆ ಮುಂಚೆ’, ‘ಊಟದ ನಂತರ’ ಎಂದು ಬರೆಯದೆ ಬಿಡುವುದಿಲ್ಲ. ನಡಿಗೆಗೂ ಹಾಗೆ ಬರೆದುಕೊಡಬೇಕು.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತಿಗೆ ಆಧಾರ. ಟೈಪ್ 2 ಮಧುಮೇಹವಿದ್ದ 41 ಮಂದಿ ಎರಡು ವಾರ ದಿನಕ್ಕೆ 30 ನಿಮಿಷ ತಮಗೆ ಅನುಕೂಲವಾದ ಹೊತ್ತಿನಲ್ಲಿ ನಡೆದರು. ಇನ್ನೆರಡು ವಾರ ಮೂರೂ ಹೊತ್ತಿನ ಊಟವಾದ ಮೇಲೆ ಹತ್ತು ಹತ್ತು ನಿಮಿಷ. ಒಟ್ಟು ನಡಿಗೆ ಅಷ್ಟೇ. ಆದರೂ ಊಟದ ನಂತರದ ಸಕ್ಕರೆಯ ಏರಿಕೆ ಎರಡನೆಯ ಕ್ರಮದಲ್ಲಿ ಸರಾಸರಿ 12 ಶೇಕಡಾ ಕಡಿಮೆಯಿತ್ತು. ರಾತ್ರಿಯೂಟದ ನಂತರವಂತೂ 22 ಶೇಕಡಾ. ರಾತ್ರಿ ಗಡದ್ದಾಗಿ ಉಂಡು ಟಿ.ವಿ. ಮುಂದೆ ಒರಗುವ ನಮ್ಮ ಮನೆಗಳು ಗಮನಿಸಬೇಕಾದ ಅಂಕಿ ಇದು.

ಕಾರಣ ಸ್ನಾಯುಗಳಲ್ಲಿದೆ. ರಕ್ತದ ಗ್ಲೂಕೋಸನ್ನು ಸ್ನಾಯುಕೋಶದೊಳಕ್ಕೆ ಸಾಗಿಸುವುದು ಗ್ಲೂಟ್-4 ಎಂಬ ಪ್ರೋಟೀನು. ಸಾಮಾನ್ಯವಾಗಿ ಕೋಶದ ಒಳಗೆ ಅಡಗಿರುವ ಇದು ಇನ್ಸುಲಿನ್ ಕರೆದಾಗ ಹೊರಪೊರೆಗೆ ಬರುತ್ತದೆ. ಕೂತೇ ಇರುವ ಮೈಯಲ್ಲಿ ಆ ಕರೆಗೆ ಕಿವಿ ಮಂದವಾಗುತ್ತದೆ. ಆದರೆ ತೊಡೆ, ಮೀನಖಂಡಗಳು ಆಡಲು ತೊಡಗಿದವೆಂದರೆ ಗ್ಲೂಟ್-4 ಇನ್ಸುಲಿನ್ನಿಗೆ ಕಾಯದೆ ಕೆಲಸಕ್ಕೆ ಇಳಿಯುತ್ತದೆ. ಅನ್ನದ ಸಕ್ಕರೆ ರಕ್ತಕ್ಕೆ ಇಳಿಯುತ್ತಿರುವ ಹೊತ್ತಿನಲ್ಲೇ ಕಾಲು ಆಡಿಸಿದರೆ ಲಾಭ ಹೆಚ್ಚು.

ಬೆವರು ಸುರಿಸಬೇಕೆಂದೇನೂ ಇಲ್ಲ. 2012ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ತೂಕ ಹೆಚ್ಚಿದ್ದ 19 ಮಂದಿಗೆ ಸಿಹಿ ಪಾನೀಯ ಕುಡಿಸಿ ಐದು ಗಂಟೆ ಕೂರಿಸಿದರು. 20 ನಿಮಿಷಕ್ಕೊಮ್ಮೆ ಎದ್ದು ಎರಡು ನಿಮಿಷ ನಿಧಾನವಾಗಿ ನಡೆದ ದಿನ ಸಕ್ಕರೆಯ ಏರಿಕೆ ಸುಮಾರು 24 ಶೇಕಡಾ ತಗ್ಗಿತು, ಬಿರುಸಾಗಿ ನಡೆದ ದಿನ ಸುಮಾರು 30 ಶೇಕಡಾ. ಬಿರುಸಿನಿಂದ ಸಿಕ್ಕ ಹೆಚ್ಚುವರಿ ಲಾಭ ಅಷ್ಟೇ.

ಹಾಗೆಂದು ಎರಡು ಹೆಜ್ಜೆ ಹಾಕಿ ಬೀಗುವಂತಿಲ್ಲ. ಉಂಡ ಮೇಲೆ ನೂರು ಹೆಜ್ಜೆ ಎಂಬ ಹಿರಿಯರ ಮಾತು ನಮ್ಮಲ್ಲಿ ಹಳೆಯದು. ಲೆಕ್ಕ ಹಾಕಿದರೆ ಅದು ಒಂದೇ ನಿಮಿಷದ ನಡಿಗೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ 2023ರಲ್ಲಿ ಹಲವು ಲೆಕ್ಕಗಳನ್ನು ಹೋಲಿಸಿ ನೋಡಿದಾಗ ಸಕ್ಕರೆಯನ್ನು ಗಣನೀಯವಾಗಿ ಇಳಿಸಿದ್ದು ಅರ್ಧ ಗಂಟೆಗೊಮ್ಮೆ ಐದು ನಿಮಿಷದ ನಡಿಗೆ ಮಾತ್ರ. ಪಾಲ್ಗೊಂಡವರು ಹನ್ನೊಂದೇ ಮಂದಿ ಎಂಬುದನ್ನೂ ಮರೆಯಬಾರದು. ಇಂಥ ಪ್ರಯೋಗಗಳು ಬಹುತೇಕ ಚಿಕ್ಕವು, ಒಂದೆರಡು ದಿನಗಳವು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಬೆಂಬಲಿಸಿದ ಸಮೀಕ್ಷೆಯ 2023ರ ವರದಿಯ ಪ್ರಕಾರ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಇಷ್ಟು ಜನರ ಕಾಯಿಲೆಯನ್ನು ಬರಿಯ ಸೋಮಾರಿತನದ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಕೊಲಂಬಿಯಾದ ಲೆಕ್ಕದಲ್ಲಿ ಎಂಟು ಗಂಟೆಯ ಪಾಳಿಗೆ 80 ನಿಮಿಷ ನಡಿಗೆ ಬೇಕು. ಹೊಲಿಗೆ ಯಂತ್ರದ ಮುಂದೆ ಗಂಟೆಗಿಷ್ಟು ಪೀಸ್ ಎಂದು ಟಾರ್ಗೆಟ್ ಹೊತ್ತ ಗಾರ್ಮೆಂಟ್ ಕೆಲಸಗಾರ್ತಿಗೆ ಶೌಚಾಲಯಕ್ಕೆ ಏಳುವುದೇ ಕಷ್ಟ. 1948ರ ಕಾರ್ಖಾನೆ ಕಾಯ್ದೆ ಐದು ಗಂಟೆ ದುಡಿಮೆಯ ಬಳಿಕ ಕನಿಷ್ಠ ಅರ್ಧ ಗಂಟೆಯ ಬಿಡುವು ವಿಧಿಸಿತ್ತು. ಕೈ ತೊಳೆದು, ಡಬ್ಬಿ ಬಿಚ್ಚಿ, ಉಂಡು, ನೀರು ಕುಡಿಯುವಷ್ಟರಲ್ಲಿ ಅದು ಮುಗಿದಿರುತ್ತದೆ. ಊಟದ ಬಿಡುವನ್ನು 40 ನಿಮಿಷಕ್ಕೆ ಹಿಗ್ಗಿಸಿದರೆ ಕಾರ್ಖಾನೆಯ ಅಂಗಳದಲ್ಲೇ ನಾಲ್ಕು ಸುತ್ತು ಹಾಕಬಹುದು. ಆ ಹತ್ತು ನಿಮಿಷವನ್ನು ಕೇಳಬೇಕಾದದ್ದು ಅವಳನ್ನಲ್ಲ, ಮಾಲೀಕರನ್ನು.